‘ರ’ದಿಂದ ಶುರುವಾಗುವ ಓದು

ರ, ಗ, ಸ, ದ, ಅ. ಸರ್ಕಾರಿ ಕನ್ನಡ ಶಾಲೆಯ ನಲಿ-ಕಲಿ ಕೊಠಡಿಗೆ ಕಾಲಿಟ್ಟ ಮಗು ಮೊದಲು ಕಲಿಯುವ ಅಕ್ಷರಗಳಿವು. ‘ಅ ಆ ಇ ಈ ಎಲ್ಲೋಯ್ತು?’ ಎಂದು ಅಜ್ಜಿಯರಿಗೆ ಗಲಿಬಿಲಿ. ಆದರೆ ಈ ಐದನ್ನೇ ಕೂಡಿಸಿ ನೋಡಿ: ಸರ, ದರ, ಅರಸ, ಅಗಸ, ಗರಗಸ. ಒತ್ತಿಲ್ಲ, ಕೊಂಬಿಲ್ಲ, ದೀರ್ಘವಿಲ್ಲ. ವರ್ಣಮಾಲೆಯೆಲ್ಲ ಬಾಯಿಪಾಠ ಆಗುವವರೆಗೆ ಕಾಯಬೇಕಿಲ್ಲ. ಐದಕ್ಷರ ಬಂದರೆ ಪದ ಓದಬಹುದು.

ಕಪಿಲಾ ನದಿ ನಂಜನಗೂಡಿಗೆ ಹರಿದು ಬಂದ ದಾರಿಯಲ್ಲೇ ನಲಿ-ಕಲಿ ಎಂಬ ಈ ಕಲಿಕಾ ಪದ್ಧತಿಯೂ ಬಂತು. 1995ರಲ್ಲಿ ಮೇಲುಭಾಗದ ಹೆಗ್ಗಡದೇವನಕೋಟೆಯ ಕೆಲವು ಪ್ರಾಥಮಿಕ ಶಾಲಾ ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಗ್ರಾಮೀಣ ಶಾಲೆಗಳನ್ನು ನೋಡಿ ಬಂದರು. ಯುನಿಸೆಫ್ ಕೈಜೋಡಿಸಿತು. ಕಾರ್ಡುಗಳನ್ನು ಶಿಕ್ಷಕರೇ ಕೂತು ಬರೆದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಕೆಳಗಿನ ನಂಜನಗೂಡಿಗೂ, ಕಪಿಲೆ ಕಾವೇರಿಯನ್ನು ಸೇರುವ ತಿರುಮಕೂಡಲು ನರಸೀಪುರಕ್ಕೂ ಬಂದಿದ್ದು ಹೀಗೆ. ಮೇಷ್ಟ್ರುಗಳ ಕೈಯಿಂದ ಹುಟ್ಟಿದ್ದು ಎಂಬ ಕಾರಣಕ್ಕೇ ನನಗೆ ಇದರ ಮೇಲೆ ಅಕ್ಕರೆ.

ಒಂದು, ಎರಡು, ಮೂರನೇ ತರಗತಿಯವರೆಲ್ಲ ಒಂದೇ ಕೋಣೆಯಲ್ಲಿ, ನೆಲದ ಮೇಲೆ ಗುಂಪು ಗುಂಪಾಗಿ ಕೂತಿರುತ್ತಾರೆ. ಗೋಡೆಯಲ್ಲಿ ಕಲಿಕಾ ಏಣಿ. ತಾನು ಯಾವ ಮೆಟ್ಟಿಲಲ್ಲಿದ್ದೇನೆಂದು ನೋಡಿ ಮಗುವೇ ಕಾರ್ಡು ತೆಗೆದುಕೊಳ್ಳುತ್ತದೆ. ಕಾರ್ಡಿನ ಚಿತ್ರಸಂಕೇತ ಯಾವ ತಟ್ಟೆಗೆ, ಅಂದರೆ ಯಾವ ಗುಂಪಿಗೆ, ಹೋಗಬೇಕೆಂದು ಹೇಳುತ್ತದೆ. ಒಂದು ತಟ್ಟೆಯಲ್ಲಿ ಶಿಕ್ಷಕಿಯ ಪೂರ್ತಿ ಬೆಂಬಲ, ಇನ್ನೊಂದರಲ್ಲಿ ಅರ್ಧ, ಮತ್ತೆರಡರಲ್ಲಿ ಗೆಳೆಯರ ನೆರವು, ಕೊನೆಗೆ ಸ್ವಕಲಿಕೆ. ತಲೆಯ ಮೇಲೆ ದಾರ ಕಟ್ಟಿ ಮಕ್ಕಳ ಚಿತ್ರ, ಬರಹ ತೂಗುಹಾಕಿದ ಚಪ್ಪರ.

‘ಬರೀ ಆಟ ಆಡಿಸ್ತಾರೆ’ ಎನ್ನುವ ಪೋಷಕರಿದ್ದಾರೆ. ಅವರು ಅನುಭವಿ ಶಿಕ್ಷಕಿಯೊಬ್ಬರ ಪಕ್ಕ ಅರ್ಧ ಗಂಟೆ ಕೂರಬೇಕು. ಕಾರ್ಡು ಕೊಡುವುದು ಕಷ್ಟವಲ್ಲ. ಸ್ವಕಲಿಕೆಯ ತಟ್ಟೆಯಲ್ಲಿ ಸುಮ್ಮನೆ ಕೂತ ಮಗು ಯೋಚಿಸುತ್ತಿದೆಯೋ ದಾರಿ ತಪ್ಪಿದೆಯೋ ಎಂದು ಕೋಣೆಯ ಇನ್ನೊಂದು ತುದಿಯಿಂದ ಗುರುತಿಸುವುದು ಕಷ್ಟ. ರಥದ ಚಿತ್ರ ತೋರಿಸಿ ‘ಇದೇನು?’ ಎಂದರೆ ನಂಜನಗೂಡಿನ ಮಗು ‘ತೇರು’ ಎನ್ನುತ್ತದೆ. ಹೊಸಬರು ‘ತಪ್ಪು’ ಎಂದುಬಿಡಬಹುದು. ಪಳಗಿದವರು ತೇರಿನ ಮಾತು ಪೂರ್ತಿ ಆಡಿಸಿ, ಆಮೇಲೆ ‘ರ’ಕ್ಕೆ ಬರುತ್ತಾರೆ.

ದೊಡ್ಡವರು ಚಿಕ್ಕವರಿಗೆ ಹೇಳಿಕೊಡುವುದು ಹೊಸದಲ್ಲ. ಕೂಲಿಮಠ ಎಂಬ ನಮ್ಮ ಹಳೆಯ ಹಳ್ಳಿ ಶಾಲೆಗಳಲ್ಲೂ ಇತ್ತು, ಮರಳಿನ ಮೇಲೆ ಬೆರಳಲ್ಲಿ ತಿದ್ದುವುದೂ ಇತ್ತು. 1706ರಲ್ಲಿ ತಮಿಳುನಾಡಿನ ತರಂಗಂಬಾಡಿಗೆ ಬಂದ ಲೂಥರನ್ ಪಾದ್ರಿ ಜೀಗನ್‌ಬಾಲ್ಗ್ ತಮಿಳು ಕಲಿತದ್ದು ಅಲ್ಲಿನ ಮಕ್ಕಳ ಜೊತೆ ನೆಲದಲ್ಲಿ ಕೂತು, ಮರಳಲ್ಲಿ ಅಕ್ಷರ ತಿದ್ದಿ. ನೆಲಕ್ಕೆ ಕೂರುವ ಆ ವಿನಯ ನಲಿ-ಕಲಿ ಶಿಕ್ಷಕಿಗೆ ದಿನನಿತ್ಯದ ಕೆಲಸ. ಮಂಡಿ ನೋಯುತ್ತಿದ್ದರೂ ಕೂರಲೇಬೇಕು. ಮಗುವಿನ ಕಣ್ಣಿನ ಮಟ್ಟ ಅಲ್ಲಿದೆ.

ನಂಜನಗೂಡಿನ ದೊಡ್ಡ ಜಾತ್ರೆ ಬಂತೆಂದರೆ ಎಷ್ಟೋ ಮಕ್ಕಳು ಶಾಲೆಯ ಕಡೆ ತಲೆಹಾಕುವುದಿಲ್ಲ. ಕಬ್ಬು ಕಡಿಯಲು ಅಪ್ಪ-ಅಮ್ಮ ಊರು ಬಿಟ್ಟರೆ ಅವರ ಜೊತೆ ಮಗುವೂ ಹೊರಡುತ್ತದೆ. ಎಲ್ಲರಿಗೂ ಒಂದೇ ಪಾಠ ನಡೆಯುವ ತರಗತಿಯಾದರೆ, ಮರಳಿ ಬರುವಷ್ಟರಲ್ಲಿ ಪಾಠ ಮುಂದೆ ಹೋಗಿರುತ್ತದೆ, ಮಗು ಹಿಂದಿನ ಸಾಲಿಗೆ ಸರಿಯುತ್ತದೆ. ಇಲ್ಲಿ ಹಾಗಾಗದು. ಶಿಕ್ಷಕಿ ಪ್ರಗತಿನೋಟ ತೆಗೆದು, ಹದಿನೈದು ದಿನದ ಹಿಂದೆ ಬಿಟ್ಟ ಮೆಟ್ಟಿಲಿನ ಮೇಲೆ ಬೆರಳಿಡುತ್ತಾರೆ. ಕಾರ್ಡು ಅಲ್ಲೇ ಇದೆ. ‘ಬಾ ಕಂದ, ಗರಗಸದವರೆಗೆ ಓದಿದ್ದೆ.’