ಮಾತ್ರೆಯ ಹೊತ್ತಿಗೆ ಬರುವ ಮಾಸ್ತರರು

ಅರವತ್ತು ತುಂಬಿದ ದಿನ ಮಾಸ್ತರರಿಗೆ ಶಾಲು ಹೊದಿಸಿ, ನಾಲ್ಕು ಒಳ್ಳೆಯ ಮಾತನಾಡಿ ಬೀಳ್ಕೊಡುತ್ತಾರೆ. ಮರುದಿನ ಹತ್ತು ಗಂಟೆಗೆ ಅವರ ದಾರಿ ಕಾಯುವವರು ಯಾರೂ ಇರುವುದಿಲ್ಲ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಯಾವ ಊರಿನಲ್ಲಿಯೂ ಇಂಥವರು ಉಂಟು. ಅದೇ ಊರಿನ ಇನ್ನೊಂದು ಓಣಿಯಲ್ಲಿ ಯಾರೂ ಹೊಸ್ತಿಲು ತುಳಿಯದ ಮನೆಯೊಂದಿರಬಹುದು: ಕ್ಷಯರೋಗಿಯ ಮನೆ.

ಸಾಮಾನ್ಯ ಕ್ಷಯವು ಆರು ತಿಂಗಳ ಔಷಧದಿಂದ ಗುಣವಾಗುತ್ತದೆ; ಸರಕಾರಿ ದವಾಖಾನೆಯಲ್ಲಿ ಔಷಧ ಉಚಿತ. ತೊಡಕು ಬರುವುದು ನಡುವೆ. ಕೆಮ್ಮು ತಗ್ಗಿ, ರೊಟ್ಟಿ ರುಚಿಸಿ, ಮೈಗೆ ಕಸುವು ಬಂದೊಡನೆ ರೋಗಿ ಮಾತ್ರೆಯನ್ನು ಮಾಡದಲ್ಲಿಟ್ಟು ಹೊಲಕ್ಕೆ ನಡೆಯುತ್ತಾನೆ. ಅಳಿಯದೆ ಉಳಿದ ಕ್ರಿಮಿಗಳು ಮುಂದೆ ಅದೇ ಔಷಧಕ್ಕೆ ಜಗ್ಗದಂತಾಗಬಹುದು.

ರೋಗಿಯನ್ನು ಆರೋಗ್ಯಧಾಮಕ್ಕೆ ಒಯ್ಯದೆ ಮನೆಯಲ್ಲಿಟ್ಟೇ ವಾಸಿಮಾಡಬಹುದೆಂದು ಮದರಾಸಿನ ಪ್ರಯೋಗವೊಂದು 1959ರಲ್ಲಿ ತೋರಿಸಿತು. ಚಿಕಿತ್ಸೆಯೇನೋ ಮನೆಗೆ ಬಂದಿತು. ಅದರ ಜತೆ ದಾದಿ ಬರಲಿಲ್ಲ. 1997ರಿಂದ ದೇಶದಲ್ಲಿ ಹಬ್ಬಿದ ಡಾಟ್ಸ್ ಪದ್ಧತಿಯು ಮಾತ್ರೆಯನ್ನು ಇನ್ನೊಬ್ಬರ ಕಣ್ಣೆದುರು ನುಂಗಬೇಕೆಂದು ವಿಧಿಸಿತು. ಆ ಇನ್ನೊಬ್ಬರು ಅಂಗನವಾಡಿಯ ಅಕ್ಕನಾಗಬಹುದು, ಅಂಗಡಿಕಾರನಾಗಬಹುದು, ನಿವೃತ್ತ ಶಿಕ್ಷಕರೂ ಆಗಬಹುದು. ಇದನ್ನು ಕಾವಲೆಂದು ತಿಳಿಯುವುದು ನನಗೆ ಒಪ್ಪಿಗೆಯಿಲ್ಲ. ಕಾವಲುಗಾರನ ಮುಂದೆ ರೋಗಿ ಮಾತ್ರೆ ನುಂಗಿಯಾನು. ಮಾತ್ರೆಯಿಂದಾಗುವ ವಾಕರಿಕೆಯನ್ನು, ಅದನ್ನು ಬಿಟ್ಟುಬಿಡಬೇಕೆನಿಸುವ ಬೇಸರವನ್ನು ಹೇಳಿಕೊಳ್ಳುವುದು ಜತೆಗಾರನ ಮುಂದೆ ಮಾತ್ರ. ವೈದ್ಯರಿಗೆ ತಿಳಿಯಬೇಕಾದ ಸಂಗತಿಯೂ ಅದೇ.

ಈ ಕೆಲಸದಲ್ಲಿ ಮಾಸ್ತರರಿಗೊಂದು ವಿಶೇಷ ಅನುಕೂಲವುಂಟು. ಆರೋಗ್ಯ ಇಲಾಖೆಯವರು ಮೆಟ್ಟಿಲೇರಿದರೆ ಓಣಿಯೆಲ್ಲ ಕಿವಿ ನಿಮಿರಿಸುತ್ತದೆ. ಲಗ್ನವಾಗದ ಮಗಳಿದ್ದರೆ ತಾಯಿಯ ಎದೆ ನಡುಗುತ್ತದೆ. ಮಾಸ್ತರರು ಬಂದರೆ ಯಾಕೆಂದು ಕೇಳುವವರಿಲ್ಲ. ತಂದೆಗೂ ಮಗಳಿಗೂ ಅಕ್ಷರ ಕಲಿಸಿದವರು; ಯಾರ ಕಟ್ಟೆಯ ಮೇಲಾದರೂ ಕುಳಿತು ಚಹಾ ಕುಡಿದಾರು. ಕಟ್ಟೆಯ ಗಾಳಿ-ಬೆಳಕು ಇಬ್ಬರಿಗೂ ಕ್ಷೇಮ. ಒಂದು ದಿನ ಹೊತ್ತು ಮೀರಿತೆನ್ನಿ, "ಯಾಕ್ರಿ ಮಾಸ್ತರ್ರ, ಇವತ್ತ ತಡಾ ಆತಲ್ರಿ?" ಎಂದು ಆ ಹುಡುಗಿಯೇ ಕೇಳುತ್ತಾಳೆ. ಆ ಪ್ರಶ್ನೆಯ ಬೆಲೆ ನಿವೃತ್ತರಿಗೇ ಗೊತ್ತು.

2022ರ ಸೆಪ್ಟೆಂಬರಿನಲ್ಲಿ ಆರಂಭವಾದ ನಿಕ್ಷಯ ಮಿತ್ರ ಯೋಜನೆಯಲ್ಲಿ ಯಾವ ನಾಗರಿಕರೂ ರೋಗಿಯೊಬ್ಬರಿಗೆ ಪೌಷ್ಟಿಕ ಆಹಾರ ಒದಗಿಸುವ ಹೊಣೆ ಹೊರಬಹುದು. ಬುಟ್ಟಿ ಕೊಟ್ಟು, ಚಿತ್ರ ತೆಗೆಸಿಕೊಂಡು ಹಿಂದಿರುಗುವ ಮಿತ್ರರೂ ಇಲ್ಲದಿಲ್ಲ. ಬುಟ್ಟಿಯ ಹಿಂದೆಯೇ ಅರ್ಧ ತಾಸು ಕುಳಿತುಕೊಳ್ಳುವವರು ಬೇಕು. ಗುಣಹೊಂದಿದ ಇಬ್ಬರು, ಹೊಸ ರೋಗಿಗಳು ಇಬ್ಬರು, ಮಾಸ್ತರರೊಬ್ಬರು ತಿಂಗಳಿಗೊಮ್ಮೆ ಕಲೆತರೂ ಸಂಘವಾಯಿತು. ತಾಲೂಕಾ ದವಾಖಾನೆಯಲ್ಲಿ ವಿಚಾರಿಸಿದರೆ ದಾರಿ ತೋರಿಸುತ್ತಾರೆ. ರೋಗಿಯ ಒಪ್ಪಿಗೆಯಿಲ್ಲದೆ ಹೆಸರು ಹೇಳುವಂತಿಲ್ಲ. ಅದು ಬರುವವರೆಗೆ ತುಸು ಕಾಯಬೇಕು.