ನಿಮಗಿದು ಗೊತ್ತೆ? ರಕ್ತದಲ್ಲೇ ತೇಲುವ ಚಕ್ರ

ದೊಡ್ಡ ಶಸ್ತ್ರಚಿಕಿತ್ಸೆಯಾದ ಮೇಲೆ ಸೋತ ಹೃದಯ ಸುಧಾರಿಸಿಕೊಳ್ಳಲು ಕೆಲವೊಮ್ಮೆ ದಿನಗಳೇ ಬೇಕು. ಅಷ್ಟು ದಿನ ರಕ್ತವನ್ನು ಕೊಳವೆಯಲ್ಲಿ ಹೊರಗೆಳೆದು ಮತ್ತೆ ದೇಹಕ್ಕೆ ತಳ್ಳುವುದು ಮಂಚದ ಪಕ್ಕದಲ್ಲಿರುವ ಪುಟ್ಟ ಪಂಪು. ಇದು ಹೃದಯದಂತೆ ಹಿಗ್ಗಿ ಕುಗ್ಗುವುದಿಲ್ಲ. ತೋಟದ ಬಾವಿಗೆ ಕೂರಿಸುವ ಮೋಟಾರಿನ ಹಾಗೆ ಒಳಗಿನ ಚಕ್ರ ಗಿರ್ರನೆ ಸುತ್ತಿ ರಕ್ತವನ್ನು ಅಂಚಿಗೆ ಚಿಮ್ಮಿಸುತ್ತದೆ.

ಆದರೆ ರಕ್ತ ನೀರಲ್ಲ. ವೇಗ, ಉಜ್ಜಾಟ ಮಿತಿಮೀರಿದರೆ ಕೆಂಪು ಕಣಗಳು ಒಡೆದು ಹಿಮೋಗ್ಲೋಬಿನ್ ಹೊರಚೆಲ್ಲುತ್ತದೆ. ಮೂತ್ರ ಕೆಂಪಗಾಗುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು. ಬೇರಿಂಗ್ ಬಿಸಿಯಾದರೆ ಅಲ್ಲೇ ರಕ್ತ ಹೆಪ್ಪುಗಟ್ಟಬಹುದು. ಹೀಗಾಗಿ ಸೆಂಟ್ರಿಮ್ಯಾಗ್ ಎಂಬ ಪಂಪಿನಲ್ಲಿ ಬೇರಿಂಗೇ ಇಲ್ಲ! ಚಕ್ರ ಎಲ್ಲಿಗೂ ತಾಗದೆ, ಕಾಂತಬಲದಿಂದ ರಕ್ತದ ನಡುವೆ ತೇಲುತ್ತಲೇ ತಿರುಗುತ್ತದೆ. ನಿಮಿಷಕ್ಕೆ ಸುಮಾರು 10 ಲೀಟರ್‌ವರೆಗೆ ತಳ್ಳಬಲ್ಲ ಇದರೊಳಗೆ ಹಿಡಿಯುವ ರಕ್ತ 31 ಮಿಲಿಲೀಟರ್ ಮಾತ್ರ.

ಈ ಕಿರಿದಾಗಿಸುವಿಕೆಯ ನಿಜವಾದ ಬೆಲೆ ತಿಳಿಯುವುದು ಹಸುಗೂಸುಗಳ ವಾರ್ಡಿನಲ್ಲಿ. 3 ಕಿಲೋ ತೂಕದ ಮಗುವಿನ ಮೈಯಲ್ಲಿರುವ ಒಟ್ಟು ರಕ್ತವೇ ಸುಮಾರು ಕಾಲು ಲೀಟರ್. ಪಂಪು, ಕೊಳವೆಗಳನ್ನು ತುಂಬಿಸಲು ಹೆಚ್ಚು ದ್ರವ ಬೇಕಾದಷ್ಟೂ ಆ ರಕ್ತ ತೆಳುವಾಗುತ್ತದೆ. ಆಗ ಬೇರೆಯವರ ರಕ್ತ ಸೇರಿಸಬೇಕಾಗುತ್ತದೆ. ಮಕ್ಕಳಿಗೆಂದೇ ಮಾಡಿದ ಪೀಡಿಮ್ಯಾಗ್ ಹಿಡಿಯುವುದು 14 ಮಿಲಿಲೀಟರ್, ಅಂದರೆ ಸುಮಾರು ಮೂರು ಟೀ ಚಮಚ. ಎಂಜಿನಿಯರುಗಳು ಒಂದೊಂದು ಮಿಲಿಲೀಟರಿಗೂ ಹೆಣಗುವುದು ಇದಕ್ಕೇ.

ರಕ್ತ ತಾಗುವ ಪ್ಲಾಸ್ಟಿಕ್ ಭಾಗವನ್ನು ಒಬ್ಬರಿಗೆ ಬಳಸಿದ ಮೇಲೆ ಎಸೆಯುತ್ತಾರೆ. ಮೋಟಾರನ್ನು ಮಾತ್ರ ಇನ್ನೊಬ್ಬ ರೋಗಿಗೂ ಬಳಸಬಹುದು.