ಒಂದು ಹಲ್ಲಿನ ಮಹಿಮೆ: ಬೈಕಿಗೆ 13 ಬೇಕೋ, 15 ಬೇಕೋ?

ಮೈಸೂರು: ಬಾಯಲ್ಲಿ ಒಂದು ಹಲ್ಲು ಉದುರಿದರೆ ಊಟದ ರುಚಿ ಕೆಡುತ್ತದೆ. ಬೈಕಿಗೆ ಒಂದು ಹಲ್ಲು ಕಮ್ಮಿಯಾದರೆ? ಗುಡ್ಡ ಹತ್ತೋದು ಸಲೀಸು, ಆದರೆ ಪೆಟ್ರೋಲ್ ಬಂಕಿಗೆ ಓಡಾಟ ಜಾಸ್ತಿ!

1961ರಿಂದ 1996ರವರೆಗೆ ಐಡಿಯಲ್ ಜಾವಾ ಕಾರ್ಖಾನೆ ನಡೆದ ಊರಿದು. ಕಾರ್ಖಾನೆ ಬಾಗಿಲು ಹಾಕಿದರೂ ಜಾವಾ, ಯೆಜ್ಡಿಗಳನ್ನು ಮಕ್ಕಳಂತೆ ಸಾಕುವವರು ಇನ್ನೂ ಇದ್ದಾರೆ. ಆದರೂ ಚೈನ್ ಸೆಟ್ ಬದಲಿಸುವಾಗ ಮೆಕ್ಯಾನಿಕ್ 'ಮುಂದಿಂದು ಒಂದು ಹಲ್ಲು ಚಿಕ್ಕದು ಹಾಕ್ಲಾ ಸಾರ್?' ಎಂದರೆ, 'ಹ್ಞೂಂ, ಹಾಕಪ್ಪ' ಎಂದು ಸುಮ್ಮನೆ ತಲೆಯಾಡಿಸುವವರೇ ಹೆಚ್ಚು. ಆಮೇಲೆ ಕಿಸೆ ಮುಟ್ಟಿ ನೋಡಿಕೊಳ್ಳೋದು!

ಲೆಕ್ಕ ಇಷ್ಟೇ

ಮುಂದಿನ ಸ್ಪ್ರಾಕೆಟ್‌ಗೆ 14 ಹಲ್ಲು, ಹಿಂದಿನದಕ್ಕೆ 42 ಎಂದಿಟ್ಟುಕೊಳ್ಳಿ. ಮುಂದಿನದು ಮೂರು ಸುತ್ತು ಸುತ್ತಿದರೆ ಹಿಂದಿನ ಚಕ್ರ ಒಂದು ಸುತ್ತು. ಮುಂದೆ 13 ಹಾಕಿದರೆ ಆ ಮೂರು 3.23 ಆಗುತ್ತದೆ. ಹಿಂದಿನ ಚಕ್ರದ ಎಳೆತ ಸುಮಾರು ಶೇ. 8ರಷ್ಟು ಹೆಚ್ಚುತ್ತದೆ. ಮುಂದೆ 15 ಹಾಕಿದರೆ 2.8. ಮೊದಲು 4500 ಸುತ್ತು ಸುತ್ತುತ್ತಿದ್ದ ಎಂಜಿನ್ ಅದೇ ವೇಗಕ್ಕೆ 4200 ಸುತ್ತಿದರೆ ಸಾಕು.

ಇನ್ನೊಂದು ಗುಟ್ಟು: ಮುಂದೆ ಒಂದು ಹಲ್ಲು ಇಳಿಸುವುದೂ ಹಿಂದೆ ಮೂರು ಹಲ್ಲು ಏರಿಸುವುದೂ ಹೆಚ್ಚುಕಮ್ಮಿ ಒಂದೇ. ಎಂಜಿನ್ನಿನ ಶಕ್ತಿ ಮಾತ್ರ ಒಂದು ಚೂರೂ ಹೆಚ್ಚುವುದಿಲ್ಲ. ಇತ್ತ ಕೊಟ್ಟದ್ದನ್ನು ಅತ್ತ ಕಿತ್ತುಕೊಳ್ಳುವ ವ್ಯವಹಾರ ಇದು!

ಯಾರಿಗೆ ಯಾವುದು?

ಎರಡೂ ಕಡೆ ಹಾಲಿನ ಕ್ಯಾನು ಕಟ್ಟಿಕೊಂಡು ಹಳ್ಳಿಯ ಏರು ಹತ್ತುವವರಿಗೆ 13 ಅನುಕೂಲ. ಕ್ಲಚ್ಚನ್ನು ಅರ್ಧ ಹಿಡಿದು ಒದ್ದಾಡುವುದು ತಪ್ಪುತ್ತದೆ. ಆದರೆ ಹೈವೇಯಲ್ಲಿ ಎಂಜಿನ್ ಅರಚುತ್ತದೆ, ಮೈಲೇಜ್ ಇಳಿಯುತ್ತದೆ. ಚಿಕ್ಕ ಸ್ಪ್ರಾಕೆಟ್ ಮೇಲೆ ಚೈನು ಹೆಚ್ಚು ಬಾಗುವುದರಿಂದ ಬೇಗ ಸವೆಯುತ್ತದೆ.

ಒಬ್ಬರೇ ಕೂತು ದಿನಾ ಮಂಡ್ಯಕ್ಕೋ ನಂಜನಗೂಡಿಗೋ ಸಮತಟ್ಟು ರಸ್ತೆಯಲ್ಲಿ ಹೋಗಿಬರುವವರಿಗೆ 15 ಹಾಯೆನಿಸಬಹುದು. ಅದೇ 15 ಹಾಕಿಸಿ ಪೇಟೆಯ ಟ್ರಾಫಿಕ್ಕಿನಲ್ಲಿ ಗೋಣಿಚೀಲ ಹೇರಿದರೋ, ಪ್ರತಿ ಸಿಗ್ನಲ್ಲಿನಲ್ಲೂ ಕ್ಲಚ್ ಪ್ಲೇಟಿಗೆ ಗ್ರಹಚಾರ. ಎದುರುಗಾಳಿಗೆ ಟಾಪ್ ಗೇರ್ ಎಳೆಯದೆ ಮತ್ತೆ ಮತ್ತೆ ಗೇರ್ ಇಳಿಸಬೇಕಾದರೆ ಮೈಲೇಜಿನ ಆಸೆಯೂ ಖೋತಾ. ಎತ್ತು ಏರಿಗೆ, ಕೋಣ ನೀರಿಗೆ!

ಅಂಗಡಿಗೆ ಹೋಗುವ ಮುನ್ನ

ಚೈನು, ಮುಂದಿನ ಸ್ಪ್ರಾಕೆಟ್, ಹಿಂದಿನ ಸ್ಪ್ರಾಕೆಟ್ ಮೂರನ್ನೂ ಒಟ್ಟಿಗೆ ಬದಲಿಸಿ. ಕೊಕ್ಕೆಯಂತೆ ಬಾಗಿದ ಹಳೇ ಹಲ್ಲಿಗೆ ಹೊಸ ಚೈನು ಹಾಕಿದರೆ ಅದೂ ಬೇಗ ಹಾಳು. ಹಲ್ಲಿನ ಲೆಕ್ಕ ಬದಲಾದರೆ ಚೈನಿನ ಉದ್ದ ಸಾಲುತ್ತದೆಯೇ, ದೊಡ್ಡ ಸ್ಪ್ರಾಕೆಟ್ ಕವರಿಗೆ ತಾಗುತ್ತದೆಯೇ ಎಂದು ನೋಡಿಸಿ. ಸ್ಪೀಡೋಮೀಟರ್ ಕೇಬಲ್ ಮುಂದಿನ ಚಕ್ರದಿಂದ ಬಂದಿದ್ದರೆ ಚಿಂತೆಯಿಲ್ಲ. ಗೇರ್‌ಬಾಕ್ಸಿನಿಂದ ಬಂದಿದ್ದರೆ ಮುಳ್ಳು ಸುಳ್ಳು ಹೇಳುತ್ತದೆ.

ಪ್ರಯೋಗ ಮಾಡಲೇಬೇಕೆಂದರೆ ಒಂದೇ ಹಲ್ಲಿಗೆ ನಿಲ್ಲಿಸಿ. ಗೆಳೆಯ ಹಾಕಿಸಿದ ಅಂತ ನೀವೂ ಹಾಕಿಸಬೇಡಿ. ಅವನ ದಾರಿ ಬೇರೆ, ನಿಮ್ಮ ಹೊರೆ ಬೇರೆ. ದಿನಾ ಓಡಾಡುವ ರಸ್ತೆ ನೋಡಿ, ಹೇರುವ ಭಾರ ನೋಡಿ, ಆಮೇಲೆ ಹಲ್ಲು ಎಣಿಸಿ. ಎರಡೂ ಸಾಧಾರಣವಾಗಿದ್ದರೆ ಕಂಪನಿ ಕೊಟ್ಟ ಹಲ್ಲೇ ಲೇಸು!